ಸೇವಿಸುವವನಿಗೇ ಮೊದಲು ತಿಳಿಯಲಿ

2007ರ ಜುಲೈ ಒಂದನೇ ತಾರೀಖಿನಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಹೆಂಗಸರು ವರ್ಷಾನುಗಟ್ಟಲೆ ಬೇಡಿಕೊಂಡದ್ದು ಕೊನೆಗೂ ಕೈಗೂಡಿತೆಂದು ಊರೂರಲ್ಲಿ ನಿಟ್ಟುಸಿರು ಬಿಟ್ಟವರು ಬಹಳ ಮಂದಿ. ವರ್ಷ ತುಂಬುವುದರೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಬಟ್ಟಿ ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ನಡೆದ ಇಂಥದೇ ದುರಂತ 300ಕ್ಕೂ ಹೆಚ್ಚು ಜೀವ ತೆಗೆದಿತ್ತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಸತ್ತವರು 60ಕ್ಕೂ ಹೆಚ್ಚು. ಮೂರೂ ಕಡೆ ಕೊಂದದ್ದು ಮಿಥೆನಾಲ್. ಇದು ಬಣ್ಣ, ವಾರ್ನಿಷ್ ಮುಂತಾದ ಕೈಗಾರಿಕೆಗಳಿಗೆ ಬಳಸುವ ದ್ರಾವಕ. ನೋಡಲು ನೀರು, ವಾಸನೆಯಲ್ಲಿ ಸಾರಾಯಿಗೆ ಬಹಳ ಹತ್ತಿರ, ಬೆಲೆಯಲ್ಲಿ ಅಗ್ಗ. ಕುಡಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ತನಕ ಅದು ಮಾಮೂಲಿ ಅಮಲಿನಂತೆಯೇ ಇರುತ್ತದೆ. ಯಕೃತ್ತು ಅದನ್ನು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡಿಬಿಡುತ್ತದೆ. ಕಣ್ಣಿನ ನರ ಸುಡುವುದು ಆಗ. ಬೆಂಕಿಕಡ್ಡಿ ಗೀರಿ, ನೀಲಿ ಜ್ವಾಲೆ ಬಂದರೆ ಮಾಲು ಒಳ್ಳೆಯದು ಎಂದು ನೋಡುವ ಪದ್ಧತಿಯೊಂದು ಕುಡಿಯುವವರಲ್ಲಿದೆ. ಮಿಥೆನಾಲೂ ನೀಲಿಯಾಗಿಯೇ ಉರಿಯುತ್ತದೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಆದರೆ ಏನು ಕುಡಿಯುತ್ತಿದ್ದೇನೆ ಎಂದು ತಿಳಿಯುವ ಆಸೆ ಕುಡಿಯುವವನಿಗೂ ಇದೆ ಎಂಬುದು ತಿಳಿಯುತ್ತದೆ.

ಈ ದುರಂತಗಳಲ್ಲಿ ಪರೀಕ್ಷೆ ನಡೆಯದೆ ಇರಲಿಲ್ಲ. ಪ್ರಯೋಗಾಲಯದವರು ಪರೀಕ್ಷಿಸಿದರು, ಸರಿಯಾಗಿಯೇ ಹೇಳಿದರು. ಆದರೆ ಪರೀಕ್ಷೆಗೆ ಹೋದದ್ದು ಸತ್ತವರ ಹೊಟ್ಟೆಯೊಳಗಿನ ಅಂಶ. ಫಲಿತಾಂಶ ಬಂದದ್ದು ಪೊಲೀಸರಿಗೆ, ನ್ಯಾಯಾಲಯಕ್ಕೆ. ಯಾರ ಜೀವಕ್ಕೆ ಆ ಮಾಹಿತಿ ಬೇಕಿತ್ತೋ ಅವರನ್ನು ಬಿಟ್ಟು ಉಳಿದ ಎಲ್ಲರಿಗೂ ಅದು ತಲುಪಿತು. ಇಂದಿನ ಭಾಷಣದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಮದ್ಯವಾಗಲಿ, ಮಾತ್ರೆಯಾಗಲಿ, ಪುಡಿಯಾಗಲಿ, ಅದರಲ್ಲಿ ಏನು ಬೆರೆತಿದೆ ಎಂಬುದು ಸೇವಿಸುವವನಿಗೆ ಸೇವಿಸುವ ಮುಂಚೆ ತಿಳಿಯುವಂಥ ಒಂದು ವ್ಯವಸ್ಥೆ ಬೇಕು. ಅದು ಪೊಲೀಸ್ ಠಾಣೆಯ ಭಾಗವಾಗಿರಬಾರದು, ಊರವರ ದುಡ್ಡಿನಲ್ಲಿ ಊರವರ ಲೆಕ್ಕಕ್ಕೆ ಒಳಪಟ್ಟು ನಡೆಯಬೇಕು. ಕೇಳಿದ ತಕ್ಷಣ ಹಲವರಿಗೆ ಸಿಟ್ಟು ಬರುವ ಮಾತು ಇದು. ಆ ಸಿಟ್ಟಿಗೆ ಕಾರಣಗಳಿವೆ, ಅವುಗಳಲ್ಲಿ ಕೆಲವು ಒಳ್ಳೆಯ ಕಾರಣಗಳೇ. ಒಂದೊಂದಾಗಿ ನೋಡೋಣ.

ಮೊದಲನೆಯದು, ಇದೆಲ್ಲ ಪೇಟೆಯ ಕತೆ, ನಮ್ಮ ಹಳ್ಳಿಗೇಕೆ ಎಂಬುದು. ನಮ್ಮ ಆಲೆಟ್ಟಿ ಸುಳ್ಯ ಪೇಟೆಯ ಮಗ್ಗುಲಿನ ಗ್ರಾಮ. ಅಡಿಕೆ ತೋಟ, ರಬ್ಬರು, ನಡುವೆ ಬಂದಡ್ಕದ ಕಡೆಗೆ ಹೋಗಿ ಕೇರಳ ಸೇರುವ ದಾರಿ. ಇಲ್ಲಿ ಅಮಲು ಹೊರಗಿನಿಂದ ಬಂದ ನೆಂಟನೇನಲ್ಲ. ಶೇಂದಿ ಇತ್ತು, ಗೇರುಹಣ್ಣಿನ ಸಾರಾಯಿ ಇತ್ತು, ತುಳುವರು ಗಂಗಸರ ಅನ್ನುವುದೂ ಇತ್ತು. ಕೊರಗಜ್ಜನಿಗೆ ಶೇಂದಿ, ಚಕ್ಕುಲಿ, ವೀಳ್ಯ ಇಟ್ಟು ಹರಕೆ ತೀರಿಸುವ ನಾಡಿನಲ್ಲಿ ಮದ್ಯದ ವಿಚಾರವಾಗಿ ಮಡಿವಂತಿಕೆ ಮಾಡುವುದು ಸ್ವಲ್ಪ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. ಆ ಅಡಿಕೆಯಿಂದಲೇ ನಮ್ಮ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಇದನ್ನು ನೆನಪಿಟ್ಟುಕೊಂಡರೆ ಇನ್ನೊಬ್ಬರ ಚಟದ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ತಗ್ಗುತ್ತದೆ. ಇನ್ನು ಹೊಸ ಸರಕಿನ ಮಾತು. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಒಂದೇ ಪ್ರಕರಣದಲ್ಲಿ 37 ಕಿಲೋಗೂ ಮಿಕ್ಕಿದ ಎಂಡಿಎಂಎ ಎಂಬ ಮಾದಕ ವಸ್ತು ಹಿಡಿದರು. ಅದರ ಬೆಲೆ 75 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದರು. ಹಿಡಿದದ್ದು ಇಷ್ಟಾದರೆ ಹಿಡಿಯದೆ ಹೋದದ್ದು ಎಲ್ಲಿಗೆ ಹೋಗುತ್ತದೆ? ವೈದ್ಯಕೀಯ, ದಂತ, ಆಯುರ್ವೇದ, ಎಂಜಿನಿಯರಿಂಗ್ ಕಾಲೇಜುಗಳಿಗೆ ನಾನಾ ಕಡೆಯ ಹುಡುಗರು ಬಂದು ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಇರುವ ಸುಳ್ಯದಂಥ ಊರನ್ನು ಅದು ಬಿಟ್ಟು ಹೋಗುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಪರೀಕ್ಷೆ ಎಂದರೆ ಏನು ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಹಲವರ ಕಲ್ಪನೆಯಲ್ಲಿ ಅದು ಮಾದಕ ವಸ್ತು ಹಂಚುವ ಅಂಗಡಿ. ವಿದೇಶಗಳಲ್ಲಿ ಇಂಥ ಕೇಂದ್ರಕ್ಕೆ ಒಬ್ಬ ಬರುತ್ತಾನೆ. ಹೆಸರು ಕೇಳುವುದಿಲ್ಲ, ಒಂದು ಸಂಖ್ಯೆ ಕೊಡುತ್ತಾರೆ. ಅವನು ತಂದ ಮಾತ್ರೆಯಿಂದ ಬೆಂಕಿಕಡ್ಡಿಯ ಮದ್ದಿನ ತಲೆಯಷ್ಟು ಪುಡಿ ಕೆರೆದು, ಅತಿಗೆಂಪು ಕಿರಣ ಹಾಯಿಸುವ ಯಂತ್ರದ ಪುಟ್ಟ ವಜ್ರದ ಹರಳಿನ ಮೇಲೆ ಒತ್ತಿಡುತ್ತಾರೆ. ಪ್ರತಿ ರಾಸಾಯನಿಕವೂ ಆ ಕಿರಣವನ್ನು ತನ್ನದೇ ರೀತಿಯಲ್ಲಿ ಹೀರುತ್ತದೆ. ಪರದೆಯ ಮೇಲೆ ಏರಿಳಿತದ ಗೆರೆ ಮೂಡುತ್ತದೆ. ಗೊತ್ತಿರುವ ಸಾವಿರಾರು ಗೆರೆಗಳೊಡನೆ ಅದನ್ನು ಹೋಲಿಸಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಆದರೆ ನೂರರಲ್ಲಿ ಐದು ಭಾಗಕ್ಕಿಂತ ಕಡಮೆ ಬೆರೆತದ್ದು ಈ ಯಂತ್ರದ ಕಣ್ಣಿಗೆ ಬೀಳದೆ ಹೋಗಬಹುದು. ಫೆಂಟನಿಲ್‌ನಂಥ ವಿಷ ಕೊಲ್ಲಲು ಒಂದೆರಡು ಮಿಲಿಗ್ರಾಮೇ ಸಾಕು. ಅದಕ್ಕಾಗಿ ಬೇರೆ ಕಾಗದದ ಪಟ್ಟಿ ಇದೆ: ಪುಡಿಯನ್ನು ನೀರಿನಲ್ಲಿ ಕರಗಿಸಿ ಪಟ್ಟಿ ಅದ್ದುತ್ತಾರೆ. ಕೊರೊನಾ ಕಾಲದಲ್ಲಿ ಎರಡು ಗೆರೆ ಬಂದರೆ ಸೋಂಕು ಇದೆ ಎಂದು ನಾವೆಲ್ಲ ಕಲಿತೆವಲ್ಲ, ಇಲ್ಲಿ ಅದು ತಿರುಗುಮುರುಗು. ಒಂದೇ ಗೆರೆ ಬಂದರೆ ವಿಷ ಇದೆ, ಎರಡು ಬಂದರೆ ಸಿಕ್ಕಿಲ್ಲ. ಕೊನೆಗೆ ತಂದವನನ್ನು ಕೂರಿಸಿ ಮಾತಾಡುತ್ತಾರೆ. ಯಂತ್ರದಷ್ಟೇ ಮುಖ್ಯವಾದದ್ದು ಆ ಮಾತು. ಎಷ್ಟು ದಿನದಿಂದ, ಯಾವುದರ ಜೊತೆ, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಬರುತ್ತದೆಯೇ ಎಂದೆಲ್ಲ ಬೈಗುಳವಿಲ್ಲದೆ ಯಾರೋ ಒಬ್ಬರು ಕೇಳುವುದು ಆತನ ಬದುಕಿನಲ್ಲಿ ಬಹುಶಃ ಅದೇ ಮೊದಲು.

ಇದರಿಂದ ಪ್ರಯೋಜನ ಇದೆಯೇ? ನೆದರ್ಲೆಂಡ್ಸ್ 1992ರಿಂದ ಇಂಥ ವ್ಯವಸ್ಥೆ ನಡೆಸುತ್ತಿದೆ. 2014ರ ಕೊನೆಗೆ ಅಲ್ಲಿನ ಕೇಂದ್ರವೊಂದಕ್ಕೆ ಸೂಪರ್‌ಮ್ಯಾನ್ ಚಿಹ್ನೆಯ ಗುಲಾಬಿ ಮಾತ್ರೆ ಬಂತು. ಎಂಡಿಎಂಎ ಎಂದು ಮಾರುತ್ತಿದ್ದ ಅದರೊಳಗೆ ಇದ್ದದ್ದು ಪಿಎಂಎಂಎ ಎಂಬ ಇನ್ನೊಂದು ರಾಸಾಯನಿಕ. ಅದು ನಿಧಾನವಾಗಿ ಏರುತ್ತದೆ. ನುಂಗಿದವನು ಮಾತ್ರೆಯಲ್ಲಿ ದಮ್ಮಿಲ್ಲ ಎಂದುಕೊಂಡು ಇನ್ನೊಂದು ನುಂಗುತ್ತಾನೆ, ಮೈಯ ತಾಪ ಏರಿ ಸಾಯುತ್ತಾನೆ. ಡಚ್ಚರು ಕೂಡಲೇ ದೇಶಕ್ಕೆಲ್ಲ ಎಚ್ಚರಿಕೆ ಸಾರಿದರು. ಅಲ್ಲಿ ಆ ಮಾತ್ರೆಯಿಂದ ಯಾರೂ ಸಾಯಲಿಲ್ಲ. ಅದೇ ಮಾತ್ರೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿತ್ತು. ಅಂಥ ವ್ಯವಸ್ಥೆ ಇಲ್ಲದ ಅಲ್ಲಿ ನಾಲ್ವರು ಸತ್ತರು. ಮರುವರ್ಷ ಬಿಟ್ಟು ಅದರ ಮುಂದಿನ ವರ್ಷ, 2016ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಸಂಗೀತೋತ್ಸವವೊಂದರಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಪರೀಕ್ಷೆಗೆ ಕುಳಿತಾಗ, ಬಂದ ಮಾದರಿಗಳಲ್ಲಿ ಸುಮಾರು ಐದರಲ್ಲೊಂದು ಮಾರಿದವನು ಹೇಳಿದ ವಸ್ತುವೇ ಆಗಿರಲಿಲ್ಲ. ಬಂದವರಲ್ಲಿಯೂ ಐದರಲ್ಲೊಬ್ಬರು ತಮ್ಮ ಸರಕನ್ನು ನಾಶಮಾಡಿ ಎಂದು ಅಲ್ಲೇ ಒಪ್ಪಿಸಿದರು. ಬುದ್ಧಿವಾದಕ್ಕೆ ಬಗ್ಗದವನು ತನ್ನ ಸ್ವಂತ ಮಾತ್ರೆಯ ಬಗ್ಗೆ ನಿಜ ತಿಳಿದಾಗ ಬಗ್ಗುತ್ತಾನೆ ಎಂಬುದು ನನಗೆ ಇದರಲ್ಲಿ ಕಾಣುವ ಮುಖ್ಯ ಸಂಗತಿ. ನ್ಯೂಜಿಲೆಂಡಿನ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಈ ಕೆಲಸವನ್ನು ಆರಂಭಿಸಿದ್ದು ಸರ್ಕಾರವಲ್ಲ, ದೇಣಿಗೆಯ ದುಡ್ಡಿನಲ್ಲಿ, ಸಂಬಳವಿಲ್ಲದೆ ದುಡಿದ ಸ್ವಯಂಸೇವಕರ ಗುಂಪು. 1975ರ ಅವರ ಮಾದಕ ವಸ್ತು ಕಾಯ್ದೆಯ ಪ್ರಕಾರ ಅವರಿಗೆ ಜಾಗ ಕೊಟ್ಟವರೂ ಸಿಕ್ಕಿಬೀಳುವ ಸ್ಥಿತಿ. ಕೆಲವು ವರ್ಷ ಆ ಅನಿಶ್ಚಿತತೆಯಲ್ಲೇ ನಡೆಸಿ, ಬಂದ ಫಲಿತಾಂಶಗಳನ್ನೆಲ್ಲ ಬಹಿರಂಗವಾಗಿ ಪ್ರಕಟಿಸುತ್ತ ಹೋದರು. 2020ರ ಡಿಸೆಂಬರ್‌ನಲ್ಲಿ ಸಂಸತ್ತು ತಾತ್ಕಾಲಿಕ ಕಾನೂನು ಮಾಡಿತು. 2021ರ ನವೆಂಬರ್‌ನಲ್ಲಿ ಅದನ್ನು ಕಾಯಂ ಮಾಡಿತು.

ಈಗ ದೊಡ್ಡ ಆಕ್ಷೇಪ. “ಅಲ್ಲ ಮಾರಾಯ್ರೇ, ಇದು ತಪ್ಪು ಮಾಡುವವನಿಗೆ ದಾರಿ ತೋರಿಸಿದ ಹಾಗಾಗಲಿಲ್ಲವೇ?” ಮಕ್ಕಳನ್ನು ಬೆಳೆಸುವ ಯಾರೇ ಆದರೂ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನೆದರ್ಲೆಂಡ್ಸಿಗೆ ಹೋಗಬೇಕಿಲ್ಲ, ಮಣಿಪುರ ಸಾಕು. 1989ರ ತನಕ ಅಲ್ಲಿ ಹೆರಾಯಿನ್ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಕಂಡಿರಲಿಲ್ಲ. ಕಂಡ ಮೇಲೆ ಆರೇ ತಿಂಗಳಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಅರ್ಧದಷ್ಟು ಮಂದಿಗೆ ಹರಡಿತು, ಒಂದೇ ಸೂಜಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾರಣ. ಹಿಡಿದು ಜೈಲಿಗೆ ಹಾಕಿದ್ದರಿಂದ ಇದು ನಿಲ್ಲಲಿಲ್ಲ. ಚಟದಿಂದ ಹೊರಬಂದವರೇ ಇಂಫಾಲದಲ್ಲಿ ಸಂಘ ಕಟ್ಟಿಕೊಂಡು, ಹಳೆಯ ಸೂಜಿ ತೆಗೆದುಕೊಂಡು ಹೊಸದು ಕೊಡುವ ಕೆಲಸಕ್ಕಿಳಿದರು. 1996ರಲ್ಲಿ ಆ ರಾಜ್ಯದ ಏಡ್ಸ್ ನೀತಿಯೇ ಇದನ್ನು ಒಪ್ಪಿಕೊಂಡಿತು. ಮುಂದೆ ಕೇಂದ್ರದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೂಜಿ ವಿನಿಮಯವನ್ನೂ, ಹೆರಾಯಿನ್ ಬದಲು ನಾಲಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆ ಕೊಡುವ ಚಿಕಿತ್ಸೆಯನ್ನೂ ದೇಶದ ಕಾರ್ಯಕ್ರಮವಾಗಿಸಿತು. ಮಣಿಪುರದಲ್ಲಿ ಸೋಂಕಿನ ಪ್ರಮಾಣ ಆಮೇಲಿನ ವರ್ಷಗಳಲ್ಲಿ ಬಹಳ ಇಳಿಯಿತು. ಅಂದರೆ ಹಾನಿ ತಗ್ಗಿಸುವ ತತ್ತ್ವವನ್ನು ಭಾರತ ಸರ್ಕಾರ ಒಪ್ಪಿ ದಶಕಗಳೇ ಆದವು; ನಾವು ಮಾತ್ರ ಅದನ್ನು ವಿದೇಶಿ ವಿಚಾರವೆಂದು ಮಾತಾಡುತ್ತೇವೆ. ಹೊಸ ಸೂಜಿ ಕೊಟ್ಟದ್ದರಿಂದ ಚುಚ್ಚಿಕೊಳ್ಳದವರು ಚುಚ್ಚಿಕೊಳ್ಳಲು ಶುರುಮಾಡಿದರು ಎಂಬುದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. 2025ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ, ಸೂಜಿ ಹಂಚಿಕೊಂಡ ಗೆಳೆಯರ ಗುಂಪೊಂದರಲ್ಲಿ ಎಚ್‌ಐವಿ ಪತ್ತೆಯಾದದ್ದು ವರದಿಯಾಯಿತು. ವಳಾಂಚೇರಿ ನಮಗೆ ಮಣಿಪುರದಷ್ಟು ದೂರವಿಲ್ಲ.

ಮುಂದಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಪರೀಕ್ಷೆ ಮಾಡಿದ ಮೇಲೆ ಇದು ಕಲಬೆರಕೆಯಲ್ಲ ಎಂದರೆ, ಸೇವಿಸುವವನು ಇದು ಅಪಾಯವಿಲ್ಲದ್ದು ಎಂದು ತಿಳಿದುಕೊಳ್ಳುವುದಿಲ್ಲವೇ? ತಿಳಿದುಕೊಳ್ಳಬಹುದು. ಅಪ್ಪಟ ಎಂಡಿಎಂಎಯೂ ಕೊಲ್ಲುತ್ತದೆ. ಸರ್ಕಾರದ ಮುದ್ರೆ ಒತ್ತಿದ ಬ್ರಾಂದಿಯೂ ಯಕೃತ್ತನ್ನು ತಿನ್ನುತ್ತದೆ. ಒಂದು ಮಾತ್ರೆಯ ಫಲಿತಾಂಶ ಅದೇ ಪೊಟ್ಟಣದ ಪಕ್ಕದ ಮಾತ್ರೆಗೆ ಅನ್ವಯಿಸಲೇಬೇಕೆಂದಿಲ್ಲ. ಪುಡಿಯ ಒಂದು ಮೂಲೆಯಲ್ಲಿ ವಿಷ ಗಂಟು ಕಟ್ಟಿರುತ್ತದೆ, ಪರೀಕ್ಷೆಗೆ ಕೊಟ್ಟದ್ದು ಇನ್ನೊಂದು ಮೂಲೆಯದು. ಹಾಗಾಗಿ ಒಳ್ಳೆಯ ಕೇಂದ್ರಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇರುತ್ತದೆ: ‘ಇದು ಸುರಕ್ಷಿತ’ ಎಂದು ಯಾರೂ ಎಂದಿಗೂ ಹೇಳಕೂಡದು. ಇದರಲ್ಲಿ ಇಂಥದ್ದು ಸಿಕ್ಕಿತು, ಇಂಥದ್ದನ್ನು ಹುಡುಕಲು ನಮ್ಮ ಯಂತ್ರಕ್ಕೆ ಆಗುವುದಿಲ್ಲ, ಸೇವಿಸದೆ ಇರುವುದೇ ಅಪಾಯವಿಲ್ಲದ ದಾರಿ — ಇಷ್ಟು. ಈ ನಿಯಮವನ್ನು ಪಾಲಿಸಲಾಗದ ಕೇಂದ್ರ ತೆರೆಯುವುದಕ್ಕಿಂತ ತೆರೆಯದಿರುವುದೇ ಮೇಲು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಈ ಅರೆತಿಳಿವಳಿಕೆಯನ್ನು ಇಂದಿನ ಸ್ಥಿತಿಯೊಡನೆ ಹೋಲಿಸಬೇಕೇ ಹೊರತು ಆದರ್ಶ ಸ್ಥಿತಿಯೊಡನೆ ಅಲ್ಲ. ಇಂದು ಮಾಲಿನ ಗುಣದ ಬಗ್ಗೆ ಅವನಿಗೆ ಭರವಸೆ ಕೊಡುತ್ತಿರುವವನು ಒಬ್ಬನೇ, ಮಾರುವವನು.

ಪರೀಕ್ಷೆ ಬೇಕಾದರೆ ಸರ್ಕಾರದ ವಿಧಿವಿಜ್ಞಾನ ಪ್ರಯೋಗಾಲಯವೇ ಇದೆಯಲ್ಲ, ಸ್ವತಂತ್ರ ಸಂಸ್ಥೆ ಏಕೆ ಎಂದು ಕೇಳುವವರಿದ್ದಾರೆ. ಆ ಪ್ರಯೋಗಾಲಯ ಇರುವುದು ಸಾಕ್ಷ್ಯ ಒದಗಿಸುವುದಕ್ಕೆ. ಅಲ್ಲಿಗೆ ವಸ್ತು ಹೋಗುವುದು ಮೊಹರಾಗಿ, ಮಹಜರಿನೊಡನೆ, ಆರೋಪಿಯ ಹೆಸರಿನೊಡನೆ. ತಾನೇ ಕೈಯಾರೆ ಅಲ್ಲಿಗೆ ಕೊಟ್ಟು ಬರುವ ಮೂರ್ಖ ಯಾರಿದ್ದಾನೆ? ಸ್ವತಂತ್ರ ಪರೀಕ್ಷೆಯೊಂದು ಏನು ಮಾಡಬಲ್ಲದು ಎಂಬುದನ್ನು ನಮ್ಮ ಪಕ್ಕದ ಕಾಸರಗೋಡು ಬೇರೊಂದು ವಿಷದ ವಿಚಾರದಲ್ಲಿ ಕಂಡಿದೆ. ಅಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಭಾಗದ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಊರಿನ ವೈದ್ಯ ಮೋಹನ ಕುಮಾರರು ರೋಗಿಗಳನ್ನು ನೋಡಿ ಸಂಶಯಪಟ್ಟರು, ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಆದರೂ ವಿಷಯ ಮುಂದೆ ಹೋದದ್ದು 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಊರವರ ರಕ್ತ, ಮಣ್ಣು, ನೀರುಗಳ ಮಾದರಿಯನ್ನು ತನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ವಿಷದ ಅಂಶವನ್ನು ಅಂಕಿಯಲ್ಲಿ ತೋರಿಸಿದ ಮೇಲೆ. ಕೈಗಾರಿಕೆಯವರು ಅದನ್ನು ಅಲ್ಲಗಳೆದರು, ಸಮಿತಿಗಳ ಮೇಲೆ ಸಮಿತಿ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಅಲ್ಲಿ ಜನ ತಾವಾಗಿ ವಿಷ ಸೇವಿಸಲಿಲ್ಲ, ಇಲ್ಲಿ ಸೇವಿಸುತ್ತಾರೆ, ವ್ಯತ್ಯಾಸ ದೊಡ್ಡದೇ. ಆದರೆ ಮೈಯೊಳಗೆ ಏನು ಹೋಗುತ್ತಿದೆ ಎಂದು ತಿಳಿಯುವ ಹಕ್ಕು ನಿರಪರಾಧಿಗೆ ಮಾತ್ರ ಉಂಟು, ತಪ್ಪು ಮಾಡಿದವನಿಗೆ ಇಲ್ಲ ಎನ್ನುವುದಾದರೆ, ಆ ಮಾತನ್ನು ಕಲಬೆರಕೆ ಸಾರಾಯಿಯಿಂದ ಸತ್ತ ಕೂಲಿಯವನ ಹೆಂಡತಿಯ ಎದುರು ನಿಂತು ಹೇಳಬೇಕಾಗುತ್ತದೆ.

ದುಡ್ಡಿನ ಮಾತಿಗೆ ಬರೋಣ. ಕುಡುಕರಿಗೆ, ಡ್ರಗ್ಸ್ ತೆಗೆದುಕೊಳ್ಳುವವರಿಗೆ ಊರವರು ಯಾಕೆ ದುಡ್ಡು ಹಾಕಬೇಕು? ಹಾಕುತ್ತಲೇ ಇದ್ದಾರೆ, ಅದೂ ಬಹಳ ವರ್ಷಗಳಿಂದ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ನಮ್ಮ ತಾಲೂಕುಗಳಿಗೆ ಹೊಸದಲ್ಲ. ಶಿಬಿರಗಳ ಸಂಖ್ಯೆ ಸಾವಿರ ದಾಟಿ ಬಹಳ ಕಾಲವಾಯಿತು. ಊರಿನ ಸಭಾಭವನದಲ್ಲೋ ದೇವಸ್ಥಾನದ ಅಂಗಳದಲ್ಲೋ ವಾರದ ಮಟ್ಟಿಗೆ ಶಿಬಿರಾರ್ಥಿಗಳು ಉಳಿಯುತ್ತಾರೆ. ವ್ಯವಸ್ಥಾಪನಾ ಸಮಿತಿ ಎಂದು ಊರಿನ ಹತ್ತು ಮಂದಿ ಸೇರುತ್ತಾರೆ. ಒಬ್ಬರು ಅಕ್ಕಿ, ಒಬ್ಬರು ತೆಂಗಿನಕಾಯಿ, ಒಬ್ಬರು ಒಂದು ಹೊತ್ತಿನ ಊಟದ ಖರ್ಚು ವಹಿಸಿಕೊಳ್ಳುತ್ತಾರೆ. ಮುಗಿದ ಮೇಲೆ ನವಜೀವನ ಸಮಿತಿ ಎಂದು ಕೂಟ ಮುಂದುವರಿಯುತ್ತದೆ. ಇದು ಅಪರೂಪದ ಸಾಮಾಜಿಕ ಸಾಧನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಗುರಿ ಪೂರ್ತಿ ಬಿಡಿಸುವುದು, ಅದು ಇರಬೇಕಾದ್ದೇ. ಆದರೆ ಬಿಡಲು ಇನ್ನೂ ಮನಸ್ಸು ಮಾಡದವನು, ಬಿಟ್ಟು ಮತ್ತೆ ಹಿಡಿದು ಸಮಿತಿಯವರಿಗೆ ಮುಖ ತೋರಿಸಲು ನಾಚುವವನು ಎಲ್ಲಿಗೆ ಹೋಗಬೇಕು? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದೇ ಚಿಕಿತ್ಸೆ ಸಿಗುವುದು ಒಬ್ಬರಿಗೆ. ಉಳಿದ 37 ಮಂದಿಯನ್ನು ಜೀವಂತ ಇಡದಿದ್ದರೆ ಮುಂದಿನ ಶಿಬಿರಕ್ಕೆ ಬರುವವರು ಯಾರು? ಹಾಗೆ ನೋಡಿದರೆ ಈ ಖರ್ಚನ್ನು ಹೊರಬೇಕಾದವರಲ್ಲಿ ಸರ್ಕಾರವೇ ಮೊದಲನೆಯದು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ರಾಜ್ಯ ಇಟ್ಟ ವರಮಾನದ ಗುರಿ 40,000 ಕೋಟಿ ರೂಪಾಯಿ. ಆದರೂ ನಾನು ಊರವರ ದುಡ್ಡಿನ ಪರ. ಸರ್ಕಾರದ ಅನುದಾನಕ್ಕೆ ಸರ್ಕಾರದ ಸಿಟ್ಟೂ ಅಂಟಿಕೊಂಡಿರುತ್ತದೆ. ಒಂದು ಚುನಾವಣೆ, ಒಂದು ಪತ್ರಿಕಾ ವರದಿ, ಕೇಂದ್ರಕ್ಕೆ ಬೀಗ.

ಊರವರ ಚಿಲ್ಲರೆ ದುಡ್ಡಿನಲ್ಲಿ ಮಾದಕ ವಸ್ತುವನ್ನೇ ಕೈಯಲ್ಲಿಟ್ಟುಕೊಂಡು ಶಿಸ್ತಿನಿಂದ ಸೇವೆ ನಡೆಸಬಹುದೇ ಎಂಬ ಪ್ರಶ್ನೆಗೆ ಉತ್ತರವೂ ಗಡಿಯಾಚೆಯ ಕೇರಳದಲ್ಲಿದೆ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಾಗಿ, ಆಸ್ಪತ್ರೆಗಳು ಆ ತಂಟೆಯೇ ಬೇಡವೆಂದವು. 1985ರಿಂದ 1997ರೊಳಗೆ ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿಯಿತು, ಕ್ಯಾನ್ಸರ್ ರೋಗಿಗಳು ಮನೆಯೊಳಗೆ ಕಿರುಚುತ್ತ ಸತ್ತರು. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವುಶಮನ ಸೊಸೈಟಿಯೊಂದು ಹುಟ್ಟಿತು. ಆಮೇಲೆ ಮಲಪ್ಪುರಂ ಸುತ್ತ ನೆರೆಕರೆಯ ಜನರೇ ಘಟಕ ಕಟ್ಟಿದರು: ಅಂಗಡಿಗಳಲ್ಲಿ ಡಬ್ಬಿ, ಬಸ್ಸಿನವರ ಒಂದು ದಿನದ ಗಳಿಕೆ, ಶಾಲೆಯ ಮಕ್ಕಳ ನಾಣ್ಯ. ಆ ದುಡ್ಡಿನಲ್ಲಿ ದಾದಿ ಮನೆಮನೆಗೆ ಹೋದಳು, ಮಾರ್ಫಿನ್ ಮಾತ್ರೆ ಲೆಕ್ಕ ಸಮೇತ ರೋಗಿಗೆ ಮುಟ್ಟಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿ ಮಾಡಿತು. 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಯನ್ನೇ ತಿದ್ದಿ ‘ಅಗತ್ಯ ಮಾದಕ ಔಷಧಿ’ಗಳಿಗೆ ಸರಳ ಪರವಾನಗಿ ತಂದಿತು. ಕಾನೂನು ಬದಲಾಗಲೆಂದು ಅವರು ಕೈಕಟ್ಟಿ ಕೂರಲಿಲ್ಲ, ಕಾನೂನು ಮುರಿಯಲೂ ಇಲ್ಲ.

ನಮ್ಮ ಕೆಲಸಕ್ಕೂ ಕಾನೂನೇ ನಿಜವಾದ ತೊಡಕು. ಇಂದು ಯಾರಾದರೂ ಸದ್ಬುದ್ಧಿಯಿಂದಲೇ ಒಂದು ಎಂಡಿಎಂಎ ಮಾತ್ರೆಯನ್ನು ಪರೀಕ್ಷೆಗೆಂದು ಕೈಗೆ ತೆಗೆದುಕೊಂಡರೆ ಅವರೂ ಆರೋಪಿ. ಅರ್ಧ ಗ್ರಾಮಿನ ತನಕ ಅದು ‘ಅಲ್ಪ ಪ್ರಮಾಣ’, ಆದರೂ ಅಪರಾಧವೇ. ಹಾಗಾಗಿ ಈಗಿಂದೀಗಲೇ ಯಾರೂ ಕಿಟ್ ತರಿಸಿಕೊಂಡು ಕೂರಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಅದೇ ಕಾಯ್ದೆಯ 8ನೇ ಸೆಕ್ಷನ್, ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶಕ್ಕೆ ನಿಯಮದ ಪ್ರಕಾರ ಇಟ್ಟುಕೊಳ್ಳುವುದನ್ನು ನಿಷೇಧದಿಂದ ಹೊರಗಿಟ್ಟಿದೆ. 64ಎ ಸೆಕ್ಷನ್, ಅಲ್ಪ ಪ್ರಮಾಣದೊಡನೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕಾಯ್ದೆ ಬರೆದವರಿಗೂ ಶಿಕ್ಷೆಯೊಂದೇ ದಾರಿಯೆಂದು ಅನಿಸಿರಲಿಲ್ಲ ಎಂದಾಯಿತು. ಮದ್ಯದ ಪರೀಕ್ಷೆಗಂತೂ ದೆಹಲಿಯ ತನಕ ಹೋಗಬೇಕಾಗಿಲ್ಲ; ಅಬಕಾರಿ ಕಾಯ್ದೆ ರಾಜ್ಯದ್ದೇ. ಸಂಶಯ ಬಂದ ಬಾಟಲಿಯನ್ನು ಹೆಸರು ಹೇಳದೆ ಪರೀಕ್ಷೆಗೆ ಕೊಡಬಹುದು, ಕೊಟ್ಟವನ ಮೇಲೆ ಕ್ರಮವಿಲ್ಲ ಎಂಬ ಒಂದು ನಿಯಮ ಮಾಡಲು ಬೆಂಗಳೂರಿನಲ್ಲಿ ಮನಸ್ಸು ಮಾಡಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಮೊದಲ ಹೆಜ್ಜೆ ಮಿಥೆನಾಲೇ ಆಗಬೇಕು. ಅದರಿಂದ ಸತ್ತವರ ಲೆಕ್ಕ ನಮ್ಮ ಕಣ್ಣೆದುರಿದೆ. ಅದನ್ನು ಪರೀಕ್ಷಿಸಬಾರದು ಎಂದು ವಾದಿಸುವ ಧೈರ್ಯ ಯಾರಿಗೂ ಬರಲಾರದು.

ಕೇಂದ್ರ ಎಲ್ಲಿರಬೇಕು? ಆಲೆಟ್ಟಿಯಲ್ಲಿ ಖಂಡಿತ ಅಲ್ಲ. ಯಾರ ಸ್ಕೂಟರು ಯಾರ ಮನೆಯೆದುರು ನಿಂತಿದೆ ಎಂದು ಸಂಜೆಯೊಳಗೆ ಗ್ರಾಮಕ್ಕೆಲ್ಲ ತಿಳಿಯುವಲ್ಲಿ ಗುಟ್ಟು ಎಂಬುದಿಲ್ಲ. ಗುಟ್ಟಿಲ್ಲದ ಕಡೆ ಈ ಕೆಲಸವಿಲ್ಲ. ನೂರು ಬೇರೆ ಕಾರಣಕ್ಕೆ ಜನ ಬಂದುಹೋಗುವ ಸುಳ್ಯದಂಥ ಪೇಟೆಯಲ್ಲಿ, ವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದ ಪರವಾನಗಿಯಡಿ, ಬೇರೆ ಬಾಗಿಲಿನ ಒಂದು ಕೋಣೆ ಸರಿ. ವೇಲ್ಸ್ ದೇಶದಲ್ಲಿ ಮಾದರಿಯನ್ನು ಅಂಚೆಯಲ್ಲಿ ಕಳಿಸಿ, ಸಂಖ್ಯೆ ಹಾಕಿ ಫಲಿತಾಂಶ ನೋಡುವ ಏರ್ಪಾಡು 2013ರಿಂದ ಇದೆ. ನಮ್ಮಲ್ಲಿ ಅದು ಬಹಳ ದೂರದ ಮಾತು. ಯಂತ್ರಕ್ಕೆ ಹಲವು ಲಕ್ಷ ರೂಪಾಯಿ ಬೇಕು, ಅದು ಒಮ್ಮೆ ಮಾತ್ರ. ತಿಂಗಳು ತಿಂಗಳು ಬೇಕಾದದ್ದು ಇಬ್ಬರ ಸಂಬಳ. ಅದನ್ನು ಸಹಕಾರಿ ಸಂಘಗಳ ಸದಸ್ಯರು, ಹಳೆ ವಿದ್ಯಾರ್ಥಿಗಳು, ಯುವಕ ಮಂಡಲಗಳು ಹಂಚಿಕೊಂಡರೆ ಯಾರ ತಲೆಗೂ ಭಾರವಾಗದು. ಒಂದು ಪಟ್ಟು ಮಾತ್ರ ಬಿಡಬಾರದು: ಬಾರು ನಡೆಸುವವನ ದುಡ್ಡು ಬೇಡ, ಮದ್ಯದ ಕಂಪನಿಯದ್ದೂ ಬೇಡ, ಯಾರೊಬ್ಬರ ದೇಣಿಗೆಯೂ ನಿಲ್ಲಿಸಿದರೆ ಕೇಂದ್ರ ಮುಚ್ಚುವಷ್ಟು ದೊಡ್ಡದಾಗಬಾರದು. ಜಮಾಖರ್ಚನ್ನು ಬೋರ್ಡಿನಲ್ಲಿ ಬರೆಯಲಿ, ಬಂದವರ ಹೆಸರನ್ನು ಎಲ್ಲಿಯೂ ಬರೆಯದಿರಲಿ. ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು, ಯಾರಿಂದ ಎಂಬುದನ್ನು ಬಿಟ್ಟು, ಆಸ್ಪತ್ರೆಗಳಿಗೆ ಅಂದೇ ತಿಳಿಸಲಿ. ಕೆಟ್ಟ ಸರಕು ಬಂದಿದೆ ಎಂದು ತುರ್ತು ವಿಭಾಗದವರಿಗೆ ಮೊದಲೇ ಗೊತ್ತಿದ್ದರೆ ಮದ್ದು ಹುಡುಕುವ ಹೊತ್ತು ಉಳಿಯುತ್ತದೆ. ಪೊಲೀಸರು ಆ ಬಾಗಿಲಿನ ಹೊರಗೆ ಕಾದು ನಿಲ್ಲುವುದಿಲ್ಲ ಎಂಬ ಲಿಖಿತ ಒಪ್ಪಂದ ಮೊದಲು, ಯಂತ್ರ ಆಮೇಲೆ.

ಅಲ್ಲಿಯ ತನಕ ಮಾಡಬಹುದಾದ್ದು ಕೆಲವಿವೆ, ಯಾವುದಕ್ಕೂ ಪರವಾನಗಿ ಬೇಡ. ಕುಡಿದ ಮರುದಿನ ಕಣ್ಣು ಮಂಜಾದರೆ, ಮಂಜಿನೊಳಗಿಂದ ನೋಡಿದಂತೆ ಎಲ್ಲ ಬೆಳ್ಳಗೆ ಕಂಡರೆ, ಹೊಟ್ಟೆನೋವು, ಏದುಸಿರು ಬಂದರೆ, ಅದು ತಲೆಭಾರ ಎಂದು ಮಲಗಿಸಬೇಡಿ. ಮಿಥೆನಾಲ್ ಇರಬಹುದು, ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಅದಕ್ಕೆ ಪ್ರತ್ಯೌಷಧ ಇದೆ. ಪ್ರಜ್ಞೆ ತಪ್ಪಿದವನನ್ನು ಅಂಗಾತ ಬಿಡದೆ ಮಗ್ಗುಲಾಗಿ ಮಲಗಿಸಿ, ಒಬ್ಬನನ್ನೇ ಬಿಟ್ಟು ಹೋಗಬೇಡಿ. ನಿದ್ದೆಮಾತ್ರೆಯನ್ನು, ನೋವಿನ ಮಾತ್ರೆಯನ್ನು ಮದ್ಯದೊಡನೆ ನುಂಗಿದವನ ಉಸಿರು ಸದ್ದಿಲ್ಲದೆ ನಿಲ್ಲಬಹುದು. ವೈದ್ಯರ ಹತ್ತಿರ ಏನು ಸೇವಿಸಿದ್ದು ಎಂಬುದನ್ನು ಮಾನಕ್ಕೆ ಅಂಜಿ ಮುಚ್ಚಿಡಬೇಡಿ. ಉಳಿದ ಮಾತ್ರೆಯೋ ಬಾಟಲಿಯೋ ಇದ್ದರೆ ಅದರ ವಿವರ ಹೇಳಿ. ಮನೆಯಲ್ಲಿ ಯಾರಿಗಾದರೂ ಚಟದ ತೊಂದರೆಯಿದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಎರಡಕ್ಕೂ ಕರೆಯ ಖರ್ಚಿಲ್ಲ.